ಬಿಡಪ್ಪಾ ಬಿಡು

ಮಾರ್ಚ್ ೩, ಸೋಮವಾರ

ಈ ಭೂಮಿಯ ಮೇಲಿರುವ ಸಮುದ್ರಗಳನ್ನೆಲ್ಲ ನಾನು ಬಲ್ಲೆ. ಅವುಗಳಲ್ಲಿ ಒಂದೆರಡಕ್ಕೆ ಅಲೆ ಏಳುವುದನ್ನು ಕಲಿಸಿದವನೂ ನಾನೇ. ಇವತ್ತು ಬೆಳಿಗ್ಗೆ ದಕ್ಕೆಯ ಮೇಲೆ ನಿಂತು ಹೆಚ್ಚುಕಡಿಮೆ ಇದೇ ಮಾತನ್ನು ನಾಲ್ವರ ಮುಂದೆ ಹೇಳಿದೆ. ಮೂವರು ನಂಬಿದರು. ನಾಲ್ಕನೆಯವಳು ನನ್ನ ತಂಗಿಯ ಮಗಳು ಗುಬ್ಬಿ. ಹುಟ್ಟಿದಾಗಿನಿಂದ ನನ್ನ ಮಾತು ಕೇಳಿಕೊಂಡೇ ಬೆಳೆದವಳು. ಚೀಲದ ದಾರ ಬಿಗಿಮಾಡುವ ನೆಪದಲ್ಲಿ ಅತ್ತ ತಿರುಗಿಕೊಂಡಳು.

ಗುಬ್ಬಿ ನರ್ಸು. ಆಚೆಯ ದ್ವೀಪದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ದೊಡ್ಡ ಹಡಗು ರಿಪೇರಿಗೆ ನಿಂತಿದ್ದರಿಂದ ಈ ಹಾಯಿದೋಣಿಯಲ್ಲಿ ಜಾಗ ಹಿಡಿದಳು. "ಗುರುತು ಪರಿಚಯ ಇಲ್ಲದವರ ಜೊತೆ ಒಬ್ಬಳನ್ನೇ ಹೇಗಣ್ಣ ಕಳಿಸಲಿ" ಎಂದು ತಂಗಿ ಅತ್ತಳು. "ಬಿಡು, ನಾನಿಲ್ವಾ" ಎಂದುಬಿಟ್ಟೆ. ಆಮೇಲೆ ಹೊರಡದೆ ವಿಧಿಯಿರಲಿಲ್ಲ.

ದೋಣಿ ನಮ್ಮ ಹಿಟ್ಟಿನ ಗಿರಣಿಗಿಂತ ಸ್ವಲ್ಪ ಉದ್ದ, ಅಗಲ ಮಾತ್ರ ಕಡಿಮೆ. ನಡುವೆ ಒಂದು ಕಂಬ, ಕಂಬಕ್ಕೆ ಹಾಯಿ, ಹಾಯಿಯ ಬುಡದಲ್ಲಿ ತಲೆಯೆತ್ತರಕ್ಕೆ ಅತ್ತಿಂದಿತ್ತ ತೂಗುವ ಒಂದು ಮರದ ತೊಲೆ. "ಇದರ ಹಗ್ಗ ಹಿಡಿದವರು ಹಿಡಿದೇ ಇರಬೇಕು, ಹೇಳೋವರೆಗೂ. ಸಡಿಲಾಯ್ತೋ, ಈ ತೊಲೆ ಕತ್ತು ಮುರಿಯತ್ತೆ" ಎಂದ ಕಪ್ತಾನ. ಒಣಕಲು ಮನುಷ್ಯ, ನಗುವುದಕ್ಕೂ ಜಿಪುಣತನ. ಎಂಜಿನ್ನಿನ ಬೀಗದಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಾನೆ. ಗಾಳಿ ಇರುವಾಗ ಎಂಜಿನ್ ಮುಟ್ಟುವುದಿಲ್ಲವಂತೆ. ರೇಡಿಯೋ ಕೂಡ ಆ ಬೀಗದಕೈ ತಿರುಗಿಸಿದರೆ ಮಾತ್ರ ಬಾಯಿ ತೆರೆಯುತ್ತದೆ.

ಮಿಕ್ಕವರು ಇಬ್ಬರು. ಒಬ್ಬಳು ದರ್ಜಿಯಮ್ಮ. ದ್ವೀಪದಲ್ಲಿರುವ ಅಕ್ಕನ ಹೊಲಿಗೆ ಅಂಗಡಿಗೆ ಸೇರಲು ಹೊರಟಿದ್ದಾಳೆ. ಹರಿದ ಹಾಯಿಗೆ ತೇಪೆ ಹಾಕಿಕೊಡುತ್ತೇನೆಂದು ಬಾಡಿಗೆಯಲ್ಲಿ ಅರ್ಧ ಬಿಡಿಸಿಕೊಂಡಳಂತೆ. ಗಟ್ಟಿಗಿತ್ತಿ. ಇನ್ನೊಬ್ಬ ಬೀಗ ರಿಪೇರಿಯವನು. ಅಲ್ಲಿ ಹೊಸದಾಗಿ ಕಟ್ಟಿದ ಹೋಟೆಲಿನ ಬಾಗಿಲುಗಳಿಗೆಲ್ಲ ಬೀಗ ಕೂರಿಸುವ ಕೆಲಸ ಇವನದು. ಸುತ್ತಿಗೆಯ ಸದ್ದಿನಲ್ಲೇ ಬಾಳಿ ಎಡಗಿವಿ ಹೋಗಿದೆ. ಹತಾರಗಳ ಕಬ್ಬಿಣದ ಪೆಟ್ಟಿಗೆಯನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಮಾತಾಡಿದರೆ ಹಲ್ಲು ಸವೆಯುತ್ತದೆ ಎನ್ನುವ ಹಾಗೆ ಮಾತಾಡುತ್ತಾನೆ.

ಊಟದ ಹೊತ್ತಿಗೆ ಮಾತಿಗೆ ಮಾತು ಬಂತು. ದರ್ಜಿಯಮ್ಮ ನನ್ನ ಸೊಂಟಪಟ್ಟಿಯನ್ನೂ ಅದರ ಉಬ್ಬಿದ ಚೀಲವನ್ನೂ ನೋಡಿ, "ಕ್ಯಾನ್ವಾಸು ಗಟ್ಟಿಯಾಗಿದೆ ಅಣ್ಣ, ಏನಿಟ್ಟಿದ್ದೀರ ಒಳಗೆ?" ಎಂದಳು.

"ಐದು ಲಕ್ಷ. ದ್ವೀಪ ಹಿಡಿಸಿದರೆ ಒಂದು ಗಿರಣಿ ಹಾಕಿಬಿಡೋಣ ಅಂತ."

ಗುಬ್ಬಿ ನನ್ನ ಕಾಲು ತುಳಿದಳು. ದರ್ಜಿಯಮ್ಮ ಬಾಯಿಯ ಮೇಲೆ ಕೈಯಿಟ್ಟಳು. ಬೀಗದವನು ಮಾತ್ರ ಪಟ್ಟಿಯನ್ನೇ ನೋಡುತ್ತ ಕೂತ. ಬೀಗ ಬಿಚ್ಚುವವರ ನೋಟ ಹಾಗೇ ಇರುತ್ತದೇನೋ.

ಮಾರ್ಚ್ ೪, ಮಂಗಳವಾರ

ಅಲೆ ಕಲಿಸಿದ್ದು ಜಾಸ್ತಿಯಾಯಿತು. ಹೊಟ್ಟೆಯಲ್ಲಿದ್ದದ್ದೆಲ್ಲ ನೀರುಪಾಲು. ಮೀನುಗಳಿಗೆ ಉಣಿಸುವುದು ಹಳೆಯ ನಾವಿಕರ ಪದ್ಧತಿ ಎಂದು ದರ್ಜಿಯಮ್ಮನಿಗೆ ಹೇಳಿದೆ. "ದಿನಕ್ಕೆ ಎಷ್ಟು ಹೊತ್ತು ಉಣಿಸ್ತೀರ ಅಣ್ಣ?" ಎಂದಳು.

ಮಾರ್ಚ್ ೬, ಗುರುವಾರ

ಅಕ್ಷರ ಹೇಗೆ ಬರುತ್ತದೋ ಬರಲಿ.

ಮಧ್ಯಾಹ್ನ ಗಾಳಿ ಜೋರಾಯಿತು. ಕಪ್ತಾನ ಚುಕ್ಕಾಣಿ ಹಿಡಿದು ದೋಣಿಯನ್ನು ತಿರುಗಿಸಬೇಕೆಂದ. ತೊಲೆಯ ಹಗ್ಗ ಬೀಗದವನ ಕೈಯಲ್ಲಿತ್ತು. ನಾನು ಅವನ ಪಕ್ಕದಲ್ಲೇ, ಎಡಗಡೆಗೆ ಕೂತಿದ್ದೆ. ಹಗ್ಗ ಒದ್ದೆ, ಅವನ ಅಂಗೈ ಸುಲಿದು ಕೆಂಪಾಗಿತ್ತು. "ಅವರ ಕೈ ನೋಡಿ, ನೀವಾದ್ರೂ ಸ್ವಲ್ಪ ಹೊತ್ತು ಹಿಡೀಬಾರದಾ ಅಣ್ಣ" ಎಂದು ಕಂಬದ ಬಳಿಯಿಂದ ದರ್ಜಿಯಮ್ಮ ಕೂಗಿದಳು. ನಾನು ಹಿಡಿಯುವುದೆಂದರೇನು? ಬೀಗದವನಿಗೆ ಹುರುಪು ಬರಲೆಂದು ಅವನ ಬೆನ್ನು ತಟ್ಟಿ, "ಬಿಡಪ್ಪಾ ಬಿಡು, ಇದರ ನಾಲ್ಕರಷ್ಟು ದಪ್ಪದ ಹಗ್ಗವನ್ನ ನಾನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ" ಎಂದೆ. ಮಾತು ಮುಗಿಯುವುದರೊಳಗೆ ಹಗ್ಗ ಅವನ ಕೈಯಿಂದ ಹಾವಿನ ಹಾಗೆ ಓಡಿತು.

ತೊಲೆ ಆ ಬದಿಯಿಂದ ಈ ಬದಿಗೆ ಬಂತು. ಕಪ್ತಾನ ಆಗ ತಾನೆ ಎದ್ದು ನಿಂತಿದ್ದ. ಲಾರಿಯಿಂದ ಕಾಳಿನ ಮೂಟೆ ಬಿದ್ದಾಗ ಒಂದು ಸದ್ದು ಬರುತ್ತದೆ, ಅದೇ ಸದ್ದು. ಅವನ ಕೊರಳಿನ ದಾರ ಕಿತ್ತು ಬೀಗದಕೈ ಒಮ್ಮೆ ಮಿನುಗಿ ನೀರಿಗೆ ಬಿತ್ತು.

ಹಗ್ಗ ಜಾರಲಿಲ್ಲ. ಇದನ್ನು ನಾನು ಬರೆದಿಡಬೇಕು. ನನ್ನ ಕಣ್ಣೆದುರೇ ಅವನು ಹತ್ತೂ ಬೆರಳು ಬಿಚ್ಚಿ ಬಿಟ್ಟ. ಕಪ್ತಾನ ಬಿದ್ದ ಮೇಲೆ ಅವನು ನೋಡಿದ್ದು ಕಪ್ತಾನನನ್ನಲ್ಲ, ನನ್ನನ್ನು. ಆಗ ಆ ನೋಟ ಅರ್ಥವಾಗಲಿಲ್ಲ. ಈಗ ಆಗುತ್ತಿದೆ. ಮುಂದಿನ ಸರದಿ ನಿನ್ನದು ಎನ್ನುವ ನೋಟ ಅದು. ಐದು ಲಕ್ಷ ಎಂದು ನಾನೇ ಕೊಚ್ಚಿಕೊಂಡಿದ್ದೆನಲ್ಲ.

ಒಳಕೋಣೆಯಲ್ಲಿ ಚಹಾ ಕಾಯಿಸುತ್ತಿದ್ದ ಗುಬ್ಬಿ ಸದ್ದು ಕೇಳಿ ಓಡಿಬಂದಳು. ಸೆರಗು ಹರಿದು ರಕ್ತ ಒತ್ತಿ ಹಿಡಿದಳು. "ಮಾವ, ತಲೆ ಅಲುಗಾಡದ ಹಾಗೆ ಹಿಡ್ಕೊಳಿ. ಬಿಗಿಯಾಗಲ್ಲ. ಮೊಟ್ಟೆ ಹಿಡಿದ ಹಾಗೆ." ಹಿಡಿದೆ. ಕೂದಲೊಳಗೆ ಬಿಸಿಯಾಗಿತ್ತು.

ಕಪ್ತಾನನನ್ನು ಒಳಗೆ ಮಲಗಿಸಿದ ಮೇಲೆ ಮೂವರೂ ನನ್ನ ಮುಖ ನೋಡಿದರು. ಏನಾದರೂ ಹೇಳಲೇಬೇಕಿತ್ತು. "ಇನ್ನು ಮೇಲೆ ನಾನೇ ಕಪ್ತಾನ. ಹಾಯಿ ಇಳಿಸಿ. ಎಂಜಿನ್ ಹತ್ತಿರ ಯಾರೂ ಸುಳಿಯಕೂಡದು" ಎಂದೆ. ಎಂಜಿನ್ ಮಾತು ಯಾಕೆ ಬಂತೆಂದರೆ, ಅದರ ಮುಚ್ಚಳ ತೆಗೆದರೆ ಮುಂದೇನು ಎಂದು ಕೇಳುವುದು ನನ್ನನ್ನೇ ತಾನೆ.

ಮಾರ್ಚ್ ೭, ಶುಕ್ರವಾರ

ಗಾಳಿ ಸತ್ತಿದೆ. ಹಾಯಿ ಏರಿಸಿದರೂ ಒಣಹಾಕಿದ ದುಪ್ಪಟಿಯ ಹಾಗೆ ನೇತಾಡುತ್ತದೆ. ಸಮುದ್ರ ಕಾದ ಹೆಂಚಿನಂತೆ ಸುಮ್ಮನೆ ಬಿದ್ದಿದೆ, ಆದರೂ ದೋಣಿ ಎಲ್ಲಿಗೋ ಸರಿಯುತ್ತಿದೆ. ನೀರಿಗೆ ಹಾಕಿದ ಬ್ರೆಡ್ಡಿನ ಚೂರು ಒಂದೇ ದಿಕ್ಕಿಗೆ ಹೋಗುತ್ತದೆ. ನಾವೂ ಅದರ ಹಿಂದೆಯೇ.

ಕಪ್ತಾನ ಕಣ್ಣು ಬಿಡುತ್ತಾನೆ, ಮುಚ್ಚುತ್ತಾನೆ. ತುಟಿ ಅಲ್ಲಾಡುತ್ತದೆ, ಮಾತಾಗುವುದಿಲ್ಲ. ಬಲಗೈ ಮಗ್ಗುಲಲ್ಲಿ ಬೇರೆ ಯಾರದೋ ಕೈಯ ಹಾಗೆ ಬಿದ್ದಿರುತ್ತದೆ. "ಎರಡು ದಿನದೊಳಗೆ ಆಸ್ಪತ್ರೆ ಕಾಣಿಸಿದ್ರೆ ಒಳ್ಳೆಯದು" ಎಂದಳು ಗುಬ್ಬಿ.

ಬೀಗದವನೂ ದರ್ಜಿಯಮ್ಮನೂ ದೋಣಿಯ ಮೂತಿಯ ಕಡೆಗೆ ಬಿಡಾರ ಬದಲಾಯಿಸಿದ್ದಾರೆ. ನಾನು ಅತ್ತ ಹೋದರೆ ಮಾತು ನಿಲ್ಲುತ್ತದೆ. ಗುಬ್ಬಿಯನ್ನು ಮೂಲೆಗೆ ಕರೆದು ಎಲ್ಲ ಹೇಳಿದೆ. ಹಗ್ಗ ಬಿಟ್ಟಿದ್ದು, ಆ ನೋಟ, ಐದು ಲಕ್ಷ.

"ಮಾವ, ಅವರು ನಿಮ್ಮನ್ನ ಕಂಡ್ರೆ ಹೆದರ್ತಿದ್ದಾರೆ ಅಷ್ಟೇ" ಎಂದಳು.

"ಹೆದರಲಿ. ಕಪ್ತಾನ ಅಂದ್ರೆ ಒಂದಿಷ್ಟು ಅಂಜಿಕೆ ಇರಬೇಕು."

ಅವಳು ಏನೋ ಹೇಳಲು ಹೊರಟವಳು ಒಳಗೆ ಕಪ್ತಾನ ನರಳಿದ್ದು ಕೇಳಿ ಎದ್ದುಹೋದಳು.

ಮಾರ್ಚ್ ೮, ಶನಿವಾರ

ನಡುಮಧ್ಯಾಹ್ನ. ನೆರಳು ಕಾಲಡಿಗೆ ಸೇರಿಕೊಂಡಿತ್ತು. ಗುಬ್ಬಿಗೆ ಜೊಂಪು ಹತ್ತಿತ್ತು. ಹಕ್ಕಿಯಿಲ್ಲ, ಅಲೆಯಿಲ್ಲ, ದೋಣಿಯ ಹಲಗೆ ಕೂಡ ಕಿರುಗುಟ್ಟುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಕೇಳಿಸಿತು. ಕರ್. ಕರ್. ಕರ್.

ಮೂವತ್ತು ವರ್ಷ ಗಿರಣಿಯ ಸದ್ದಿನಲ್ಲಿ ಬದುಕಿದ ಕಿವಿ ಇದು. ಕಲ್ಲಿಗೆ ಕಲ್ಲು ತಾಗಿದರೆ ಗೊತ್ತಾಗುತ್ತದೆ, ಕಾಳಿನಲ್ಲಿ ಮೊಳೆ ಸಿಕ್ಕಿದರೆ ಗೊತ್ತಾಗುತ್ತದೆ. ಇದು ಕಬ್ಬಿಣದ ಮೇಲೆ ಅರ ಉಜ್ಜುವ ಸದ್ದು. ಹರಿತ ಮಾಡುತ್ತಿದ್ದಾನೆ. ನಾಲ್ಕು ಸಲ ಉಜ್ಜುತ್ತಾನೆ, ನಿಲ್ಲಿಸಿ ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ. ಅವಸರವೇ ಇಲ್ಲ. ಅದೇ ಹೆಚ್ಚು ಹೆದರಿಸಿತು. ಸಿಟ್ಟಿನಲ್ಲಿ ಕೊಲ್ಲುವವನಾದರೆ ಕೈ ಮುಗಿದು ಸಮಾಧಾನ ಮಾಡಬಹುದು. ಇಷ್ಟು ನಯವಾಗಿ ಉಜ್ಜುವವನಿಗೆ ಏನು ಹೇಳುವುದು?

ಕೆಮ್ಮಿದೆ. ಸದ್ದು ನಿಂತಿತು. ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ್ದು ಕೇಳಿಸಿತು.

ಮಾರ್ಚ್ ೯, ಭಾನುವಾರ

ಕಣ್ಣು ಮುಚ್ಚಿದರೆ ಅರದ ಸದ್ದು. ಪಟ್ಟಿ ಬಿಚ್ಚಿ ಒಳಗೇನಿದೆಯೆಂದು ತೋರಿಸಿಬಿಡಲೇ ಎಂದು ಎರಡು ಸಲ ಯೋಚಿಸಿದೆ. ತೋರಿಸಿದರೆ ಅವನು ಕೊಲ್ಲುವುದಿಲ್ಲ, ನಗುತ್ತಾನೆ. ಯಾವುದು ವಾಸಿ ಎಂದು ತೀರ್ಮಾನಕ್ಕೆ ಬರಲಾಗಲಿಲ್ಲ.

ಮಾರ್ಚ್ ೧೦, ಸೋಮವಾರ

ದರ್ಜಿಯಮ್ಮನ ಹೊಲಿಗೆ ಡಬ್ಬಿ ತೆರೆದಿತ್ತು. ದೊಡ್ಡ ಕತ್ತರಿ ಅದರಲ್ಲಿರಲಿಲ್ಲ. ಆಮೇಲೆ ನೋಡಿದರೆ ಅವಳ ಮಡಿಲಲ್ಲಿತ್ತು. ಬೀಗದವನು ಅವಳ ಬೆನ್ನ ಹಿಂದೆ ಬಗ್ಗಿ ಉಜ್ಜುತ್ತಿದ್ದ. ಅವಳು ಕತ್ತರಿ ಹಿಡಿದು ನನ್ನ ಕಡೆಗೆ ಮುಖ ಮಾಡಿ ಕೂತಿದ್ದಳು. ಕಾವಲು. ಹಗಲಲ್ಲೇ, ರಾಜಾರೋಷವಾಗಿ.

ಇವತ್ತಿನಿಂದ ಗುಬ್ಬಿಯ ನೀರನ್ನು ಮೊದಲು ನಾನು ಕುಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಅವಳಿಗೆ ಕೊಡುತ್ತಿದ್ದೇನೆ. ಅವಳಿಗೆ ಸಿಟ್ಟು ಬಂತು.

"ನೀರು ಇರೋದೇ ಇಷ್ಟು. ನೀವು ರುಚಿ ನೋಡ್ತಾ ಕೂತರೆ ಕಪ್ತಾನರಿಗೆ ಏನು ಕೊಡಲಿ?"

"ನಿನಗೋಸ್ಕರ ಕಣೇ."

"ನನಗೋಸ್ಕರ ಒಂದು ಕೆಲಸ ಮಾಡಿ. ಅವರ ಬಟ್ಟೆ ಒದ್ದೆಯಾಗಿದೆ. ಬದಲಾಯಿಸಿ, ಬೆನ್ನು ಒರೆಸಿ. ನನಗೆ ಎತ್ತೋಕೆ ಆಗ್ತಿಲ್ಲ."

ಮಾಡಿದೆ. ಬೆನ್ನು ಒರೆಸಿ, ಮಗ್ಗುಲು ಬದಲಾಯಿಸಿ, ಒದ್ದೆ ಬಟ್ಟೆಯನ್ನು ತುಟಿಗೆ ಹಿಂಡಿದೆ. ದೊಡ್ಡ ಗಂಡಸು, ಮಗುವಿನ ಹಾಗೆ ಚೀಪಿದ. ಅವನ ಕಣ್ಣು ನನ್ನ ಮುಖದ ಮೇಲೆ ನಿಂತಿತ್ತು. ನನಗೇನೋ ಹೇಳಬೇಕೆಂದಿದ್ದಾನೆ. ಹಗ್ಗ ಬಿಟ್ಟವನು ಯಾರೆಂದು ಹೇಳಬೇಕಿರಬಹುದು. "ಗೊತ್ತು, ನಾನೂ ನೋಡಿದೆ" ಎಂದು ಅವನ ಕಿವಿಯಲ್ಲಿ ಹೇಳಿದೆ.

ಮಾರ್ಚ್ ೧೧, ಮಂಗಳವಾರ

ಸಂಜೆ ಹಕ್ಕಿಗಳು. ಆಮೇಲೆ ದೂರದಲ್ಲಿ ಒಂದು ಸದ್ದು, ಖಾಲಿ ಗಿರಣಿ ಓಡಿದ ಹಾಗೆ. ನಿಲ್ಲುವುದೇ ಇಲ್ಲ. ಗುಬ್ಬಿ ಬೆರಳು ತೋರಿಸಿದಳು. ನೀರಿನ ಮೇಲೆ ಒಂದು ಬಿಳಿ ಗೆರೆ, ಅದರೊಳಗೆ ಕರಿಬಂಡೆಗಳು. ಬ್ರೆಡ್ಡಿನ ಚೂರು ಹೋಗುತ್ತಿದ್ದದ್ದು ಅಲ್ಲಿಗೆ.

ಮಾರ್ಚ್ ೧೨, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಗಾಗುವ ಹೊತ್ತಿಗೆ ಬಂಡೆಗಳ ಮೇಲೆ ನೀರು ಒಡೆಯುವುದು ಕಣ್ಣಿಗೆ ಕಾಣುತ್ತಿತ್ತು. ಸ್ವಲ್ಪ ಗಾಳಿಯೂ ಎದ್ದಿತ್ತು. ಅದು ನಮ್ಮನ್ನು ಅತ್ತಲೇ ತಳ್ಳುತ್ತಿತ್ತು. ನಾನು ಎಂಜಿನ್ನಿನ ಮುಚ್ಚಳದ ಮೇಲೆ ಹುಟ್ಟು ಹಿಡಿದು ನಿಂತಿದ್ದೆ. ಬೀಗದವನು ನೇರ ನನ್ನ ಕಡೆಗೆ ಬಂದ. ಮುಷ್ಟಿಯಲ್ಲಿ ಏನೋ ಹೊಳೆಯುತ್ತಿತ್ತು. ಹಿಂದೆ ಕತ್ತರಿ ಹಿಡಿದು ದರ್ಜಿಯಮ್ಮ.

"ದಾರಿ ಬಿಡಿ ಯಜಮಾನ್ರೇ" ಎಂದ.

ಹುಟ್ಟು ಎತ್ತಿದೆ. "ಬಿಡಲ್ಲ. ಕಪ್ತಾನನ ತಲೆ ಒಡೆದಿದ್ದು ಸಾಲದಾ ನಿನಗೆ?"

ಕೆನ್ನೆಗೆ ಹೊಡೆದಂತೆ ಅವನು ನಿಂತುಬಿಟ್ಟ. "ನಾನಾ? ಬಿಡು ಅಂದವರು ನೀವು."

"ನಾನೆಲ್ಲಿ ಅಂದೆ?"

"ಅಂದ್ರಿ ಅಣ್ಣ, ನನಗೂ ಕೇಳಿಸ್ತು" ಎಂದಳು ದರ್ಜಿಯಮ್ಮ. "ಬೆನ್ನು ತಟ್ಟಿ, ಬಿಡಪ್ಪಾ ಬಿಡು ಅಂದ್ರಿ. ಆಮೇಲೇನೋ ಅಂದ್ರಿ, ಅದು ಗಾಳಿಗೆ ಹೋಯ್ತು. ಸಮುದ್ರ ಬಲ್ಲವರು ಹೇಳ್ತಿದ್ದಾರಲ್ಲ ಅಂತ ಇವರು ಬಿಟ್ರು. ಅದಾದ ಮೇಲೆ ನಾನೇ ಕಪ್ತಾನ ಅಂದ್ರಿ. ಎಂಜಿನ್ ಮುಟ್ಟಬೇಡಿ ಅಂದ್ರಿ. ಆ ಹುಡುಗಿ ಬಾಯಿಗೆ ನೀರು ಹೋಗೋಕೂ ಬಿಡದೆ ಕಿತ್ತುಕೊಂಡು ಕುಡಿದ್ರಿ. ನಾವು ಏನಂತ ತಿಳ್ಕೋಬೇಕು, ನೀವೇ ಹೇಳಿ."

ಒಳಕೋಣೆಯ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. "ಮಾವ, ಹಗ್ಗ ಹಿಡಿದವರಿಗೆ ಬಿಡು ಅಂದ್ರಾ?"

"ಅದು ಬಿಡು ಅಂದ್ರೆ, ಬಿಡು ಅಂತ ಅಲ್ಲ ಕಣೇ. ಸುಮ್ನೆ. ಬಿಡು ಅಂತ."

ಹೇಳುತ್ತ ಹೇಳುತ್ತ ನನಗೇ ಕೇಳಿಸಿತು. ಅವತ್ತು ನಾನು ಕೂತದ್ದು ಅವನ ಎಡಗಡೆಗೆ. ಕಿವುಡು ಕಿವಿಯ ಕಡೆಗೆ. ಅವನಿಗೆ ದಕ್ಕಿದ್ದು ಅದೊಂದೇ ಮಾತು, ಬೆನ್ನ ಮೇಲೊಂದು ಏಟು.

ಗುಬ್ಬಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಆಮೇಲೆ ಬೀಗದವನ ಬಲಗಿವಿಯ ಕಡೆಗೆ ಬಂದು ಗಟ್ಟಿಯಾಗಿ ಹೇಳಿದಳು: "ಅಣ್ಣ, ನಮ್ಮ ಮಾವ ದಿನಕ್ಕೆ ನೂರು ಸಲ ಬಿಡು ಅಂತಾರೆ. ಊಟಕ್ಕೆ ಕರೆದ್ರೂ ಬಿಡು, ಹೊಗಳಿದ್ರೂ ಬಿಡು, ಜ್ವರ ಬಂದ್ರೂ ಬಿಡು. ಅದಕ್ಕೆ ಅರ್ಥ ಇಲ್ಲ. ಅವರು ನಿಜವಾಗಿ ಬಿಡೋದು ಬುರುಡೆ ಒಂದೇ. ಸಮುದ್ರ ಅಂತ ಅವರು ನೋಡಿದ್ದೇ ಹೋದ ವಾರ ಸೋಮವಾರ."

ಬೀಗದವನು ನನ್ನನ್ನು ನೋಡಿದ. ಹೌದೆಂದು ತಲೆಯಾಡಿಸಿದೆ. ಅವನು ಮುಷ್ಟಿ ಬಿಚ್ಚಿದ. ಚಾಕುವಲ್ಲ. ಒಂದು ಬೀಗದಕೈ. ಹೊಸದು, ಹಲ್ಲುಗಳ ಮೇಲೆ ಅರದ ಗೀರು ಇನ್ನೂ ಹಸಿಯಾಗಿತ್ತು. "ಕಪ್ತಾನರ ಕೊರಳಲ್ಲಿ ನೋಡಿದ ಹಲ್ಲಿನ ಲೆಕ್ಕ ನೆನಪಿತ್ತು. ನೀವು ಕಂಡರೆ ಎಸೆದುಬಿಡ್ತೀರ ಅಂತ ಬಚ್ಚಿಟ್ಟು ಮಾಡಿದೆ" ಎಂದ.

ಮುಚ್ಚಳದಿಂದ ಇಳಿದೆ.

ಬೀಗದಕೈ ಒಮ್ಮೆಗೇ ಕೂರಲಿಲ್ಲ. ತೆಗೆದು ಉಜ್ಜಿದ, ಮತ್ತೆ ಹಾಕಿದ. ತಿರುಗಿತು. ರೇಡಿಯೋದ ದೀಪ ಹೊತ್ತಿಕೊಂಡಿತು. ಗುಬ್ಬಿ ಅದರ ಮುಂದೆ ಕೂತು ಕೂಗತೊಡಗಿದಳು. ಎಂಜಿನ್ ಕೆಮ್ಮಿ ಹಿಡಿದುಕೊಂಡಿತು. ಆದರೆ ಆ ಸದ್ದು ಸರಿಯಿರಲಿಲ್ಲ. ಎಂಜಿನ್ನಿಗೆ ನೀರು ಕುಡಿಸುವ ಬೆಲ್ಟು ಜಾರುತ್ತಿತ್ತು. "ನಿಲ್ಲಿಸು" ಎನ್ನುವಷ್ಟರಲ್ಲಿ ಅದು ಚಾಟಿಯ ಹಾಗೆ ಸಿಡಿದು ತುಂಡಾಯಿತು. ಬೆಲ್ಟಿಲ್ಲದೆ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಕಾದು ಸಾಯುತ್ತದೆ. ಗಿರಣಿಯಲ್ಲಿ ಎಷ್ಟು ಸಲ ಕಂಡಿದ್ದೇನೆ.

ಬಂಡೆಗಳ ತುಂತುರು ಆಗಲೇ ಮುಖಕ್ಕೆ ಬೀಳುತ್ತಿತ್ತು. ಅತ್ತಿತ್ತ ನೋಡಿದೆ. ಹಗ್ಗ ನಡೆಯುವುದಿಲ್ಲ, ಜಾರುತ್ತದೆ. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಎರಡು ಪದರದ ಕ್ಯಾನ್ವಾಸು. ಬಿಚ್ಚಿ ದರ್ಜಿಯಮ್ಮನ ಕಡೆಗೆ ಎಸೆದೆ. "ಚೀಲ ಕತ್ತರಿಸಿ ತೆಗಿ, ಪಟ್ಟಿ ಮಾತ್ರ ಸುತ್ತ ಹೊಲಿ. ಎರಡು ಬೆರಳು ಗಿಡ್ಡ ಹೊಲಿ, ಎಳೆತಕ್ಕೆ ಹಿಗ್ಗತ್ತೆ."

"ಚೀಲದಲ್ಲಿ ಐದು ಲಕ್ಷ" ಎಂದಳು.

"ಹೊಲಿಯಮ್ಮಾ."

ಹಾಯಿ ಹೊಲಿಯುವ ದಪ್ಪ ಸೂಜಿಯಲ್ಲಿ ಹೊಲಿದಳು, ಬೆರಳಿಗೆ ಚುಚ್ಚಿಕೊಂಡರೂ ನಿಲ್ಲಿಸಲಿಲ್ಲ. ಪಟ್ಟಿಯನ್ನು ಗಾಲಿಗಳಿಗೆ ಏರಿಸಿದೆ. ಎಂಜಿನ್ ಮತ್ತೆ ಹೊಡೆಯಿತು. ಸದ್ದು ಸರಿಯಾಗಿತ್ತು. ಚುಕ್ಕಾಣಿಯನ್ನು ಗುಬ್ಬಿಯೇ ಹಿಡಿದು ತಿರುಗಿಸಿದಳು.

ಆಗ ದೋಣಿ ಒಂದೇ ಕಡೆಗೆ ವಾಲಿತು. ಕತ್ತರಿಸಿ ಇಟ್ಟಿದ್ದ ಚೀಲ ಹಲಗೆಯ ಮೇಲೆ ಜಾರಿ ಅಂಚು ದಾಟಿತು. ಅದರ ಬಾಯಿ ಕಟ್ಟುವ ಬಾರು ಹೊರಗಿನ ಕೊಕ್ಕೆಗೆ ಸಿಕ್ಕಿ ನೇತಾಡಿತು. ಯಾರೂ ಹೇಳದೆ ಬೀಗದಣ್ಣ ಹಾರಿ ಅಂಚಿನ ಮೇಲೆ ಕವುಚಿ ಬಿದ್ದ. ಬಾರು ಅವನ ಕೈಗೆ ಸಿಕ್ಕಿತು, ಕೊಕ್ಕೆಯಿಂದ ಬಿಡಿಸಲು ಬರಲಿಲ್ಲ. ಸೊಂಟದವರೆಗೆ ಆಚೆ ಬಾಗಿದ್ದ. ಕೆಳಗೆ ನೀರು ಬಂಡೆಗೆ ಬಡಿದು ಹಿಂದಕ್ಕೆ ಬರುತ್ತಿತ್ತು.

"ಬಿಡು" ಎಂದೆ.

ಅವನು ಕತ್ತು ತಿರುಗಿಸಿದ. ಮುಖ ಪೂರಾ ಒದ್ದೆ. "ಯಾವ ಬಿಡು ಯಜಮಾನ್ರೇ?"

ನನ್ನ ಬಾಯಿಂದ ಇಷ್ಟು ದಿನ ಉದುರಿದ ಬಿಡುಗಳೆಲ್ಲ ಗಂಟಲಿಗೆ ಅಡ್ಡ ಬಂದವು. ದೋಣಿ ಇನ್ನಷ್ಟು ವಾಲಿತು. ಅವನ ಕಾಲು ಹಲಗೆ ಬಿಟ್ಟು ಮೇಲೆದ್ದಿತು.

"ಕೈ ಬಿಡು. ನಿಜವಾದ 'ಬಿಡು' ಇದು."

"ಐದು ಲಕ್ಷ..."

"ಇಲ್ಲ ಕಣೋ. ಅದರಲ್ಲಿ ಐದು ಲಕ್ಷ ಇಲ್ಲ. ಯಾವತ್ತೂ ಇರಲಿಲ್ಲ. ಬುರುಡೆ ಅದು. ಬಿಡೋ ಮಾರಾಯ."

ಬಿಟ್ಟ. ಹತ್ತೂ ಬೆರಳು ಬಿಚ್ಚಿ ಬಿಟ್ಟ. ನಾನು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಬಿದ್ದೆ. ಅವನು ನನ್ನ ಮೇಲೆ ಬಿದ್ದ. ಎಷ್ಟು ಹೊತ್ತು ಹಾಗೇ ಹಿಡಿದುಕೊಂಡಿದ್ದೆನೋ. ಗುಬ್ಬಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ. ಅಷ್ಟರಲ್ಲಿ ಬಂಡೆಗಳು ಹಿಂದುಳಿದಿದ್ದವು.

ಮಧ್ಯಾಹ್ನ ಬಂದರಿನವರ ದೋಣಿ ಬಂದು ನಮ್ಮನ್ನು ಎಳೆದುಕೊಂಡು ಹೋಯಿತು. ಅಲ್ಲಿಯವರೆಗೂ ಪಟ್ಟಿ ತಡೆಯಿತು.

ಮಾರ್ಚ್ ೧೪, ಶುಕ್ರವಾರ

ಆಸ್ಪತ್ರೆಯ ಹೊರಗಿನ ಬೆಂಚು. ನೆಲ ಇನ್ನೂ ಅಲುಗುತ್ತದೆ.

ಬಂದರಿನ ಅಧಿಕಾರಿ ನಿನ್ನೆ ಎಲ್ಲರನ್ನೂ ಕೂರಿಸಿ ಕೇಳಿದರು. "ಹಗ್ಗ ಬಿಟ್ಟವರು ಯಾರು?"

ಬೀಗದಣ್ಣ ಎದ್ದು ನಿಂತ. "ನಾನು."

ಅವನ ಹೋಟೆಲಿನ ಕೆಲಸ ಈ ಒಂದು ಮಾತಿಗೆ ಹೋಗುತ್ತದೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನೂ ಎದ್ದೆ. "ಬಿಡು ಅಂತ ಹೇಳಿದವನು ನಾನು, ಸ್ವಾಮಿ. ಅವನು ಹೇಳಿದ ಮಾತು ಕೇಳಿದ. ಅಷ್ಟೇ ಅವನ ತಪ್ಪು."

"ನಿಮಗೆ ಸಮುದ್ರದಲ್ಲಿ ಎಷ್ಟು ವರ್ಷದ ಅನುಭವ?"

ದರ್ಜಿಯಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. "ಹಿಟ್ಟಿನ ಗಿರಣಿಯಲ್ಲಿ ಮೂವತ್ತು. ಸಮುದ್ರದಲ್ಲಿ ಹೋದ ವಾರದಿಂದ" ಎಂದೆ.

ಅವರು ನಗಲಿಲ್ಲ. ಇದು ನನ್ನ ಮೇಲೆ ಬರುತ್ತದೆ, ವಿಚಾರಣೆ ಮುಗಿಯುವವರೆಗೆ ದ್ವೀಪ ಬಿಟ್ಟು ಹೋಗುವ ಹಾಗಿಲ್ಲ ಎಂದರು. ಆಗಲಿ ಎಂದೆ.

ಕಪ್ತಾನ ಬದುಕುತ್ತಾನೆ. ಮಾತು ಒಂದೊಂದೇ ಬರುತ್ತಿದೆ. ಬಲಗೈಗೆ ಮಾತ್ರ ಇನ್ನೂ ನೆನಪಿಲ್ಲ. ಅದಕ್ಕೆ ಗುಬ್ಬಿ ನನಗೊಂದು ಕೆಲಸ ಹಚ್ಚಿದ್ದಾಳೆ. ಬಟ್ಟೆಯ ಸುರುಳಿಯೊಂದನ್ನು ಅವನ ಅಂಗೈಯಲ್ಲಿಟ್ಟು "ಹಿಡಿ" ಎನ್ನಬೇಕು, ಕಾಯಬೇಕು, "ಬಿಡು" ಎನ್ನಬೇಕು. ಬೇರೆ ಮಾತು ಸೇರಿಸಕೂಡದು. ನಿನ್ನೆಯೆಲ್ಲ ಏನೂ ಆಗಲಿಲ್ಲ. ಇವತ್ತು ಬೆಳಿಗ್ಗೆ ಹಿಡಿ ಎಂದಾಗ ಹಿಡಿದ. ಎರಡನೆಯ ಮಾತು ಹೇಳಲು ಭಯವಾಗಿ ಸುಮ್ಮನೆ ಕೂತೆ. ಅವನೇ ಕಣ್ಣಲ್ಲಿ ಕೇಳಿದ. ಮೆಲ್ಲಗೆ ಹೇಳಿದೆ. ಬೆರಳು ಬಿಚ್ಚಿಕೊಂಡವು.

ಸಂಜೆ ಬೀಗದಣ್ಣನೂ ದರ್ಜಿಯಮ್ಮನೂ ಬಂದಿದ್ದರು. ಹೋಟೆಲಿನವರು ಅವನಿಗೆ ಕೆಲಸಕ್ಕೆ ಬಾ ಎಂದಿದ್ದಾರಂತೆ. ದರ್ಜಿಯಮ್ಮ ನನಗೊಂದು ಹೊಸ ಸೊಂಟಪಟ್ಟಿ ಹೊಲಿದು ತಂದಿದ್ದಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದ ಬೀಗದಣ್ಣ. "ಅದರೊಳಗೆ ನಿಜವಾಗಿ ಎಷ್ಟಿತ್ತು?"

"ಮೂರು ಸಾವಿರ" ಎಂದೆ.

ಗುಬ್ಬಿ ಕೆಮ್ಮಿದಳು. ಬೀಗದಣ್ಣ ತಲೆಯಾಡಿಸಿ, "ಮೂರು ಸಾವಿರ ಅಂದ್ರೂ ಕಮ್ಮಿಯೇನಲ್ಲ. ಹೋಗಲಿ ಬಿಡಿ" ಎಂದ.

"ಯಾವ ಬಿಡಿ?" ಎಂದಳು ದರ್ಜಿಯಮ್ಮ. ಮೂವರೂ ನಕ್ಕರು. ನಾನೂ ನಕ್ಕೆ.

ಅವರೆಲ್ಲ ಹೋದ ಮೇಲೆ ಹೊಸ ಪಟ್ಟಿಯನ್ನು ಕಟ್ಟಿಕೊಂಡು ಕೂತಿದ್ದೇನೆ. ಹಗುರವಾಗಿದೆ. ಹಳೆಯದೂ ಹೀಗೇ ಹಗುರವಾಗಿತ್ತು. ದಪ್ಪ ಕಾಣಲೆಂದು ಒಳಗೆ ಹಳೆಯ ಪಂಚೆಯ ತುಂಡು ಮಡಚಿಟ್ಟಿದ್ದೆ. ಮೂರು ಸಾವಿರವೂ ಅಲ್ಲ. ಮುನ್ನೂರ ನಲವತ್ತು. ಅದರಲ್ಲೂ ಒಂದು ಹತ್ತರ ನೋಟು ಹರಿದಿತ್ತು, ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಮುನ್ನೂರ ಮೂವತ್ತು.